ಇಂಗ್ಲಿಷಿನ ‘ಟೇಕ್’, ಕನ್ನಡದ ‘ಕೊಳ್ಳು’



ಲಿಂಗದಹಳ್ಳಿಯು ತರೀಕೆರೆ ತಾಲ್ಲೂಕಿನ ಒಂದು ಹೋಬಳಿಯ ಊರು. ಬಯಲುಸೀಮೆಯ ಕಡೆಯಿಂದ ಕಲ್ಲತ್ತಿಗಿರಿಗೂ ಕೆಮ್ಮಣ್ಣುಗುಂಡಿಗೂ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಈ ಊರನ್ನು ಹಾದು ಬೆಟ್ಟ ಹತ್ತುತ್ತಾರೆ. ಒಂದು ಕಡೆ ಬಾಬಾಬುಡನ್ ಗಿರಿಶ್ರೇಣಿಯ ತಪ್ಪಲು, ಇನ್ನೊಂದು ಕಡೆ ಬಯಲು, ನಡುವೆ ಅಡಿಕೆ ತೋಟಗಳು. ಕಳೆದ ಮಳೆಗಾಲದಲ್ಲಿ ಅಲ್ಲಿಯ ಬಂಧುಗಳ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆನು. ಒಂದು ಸಂಜೆ ಆ ಮನೆಯ ಹುಡುಗ, ಪ್ರೌಢಶಾಲೆಯ ವಿದ್ಯಾರ್ಥಿ, ಕೈಯಲ್ಲಿ ಪುಸ್ತಕ ಹಿಡಿದು ಬಂದು, “ದೊಡ್ಡಪ್ಪ, ‘ಟೇಕ್’ ಎಂದರೆ ಕನ್ನಡದಲ್ಲಿ ಏನು?” ಎಂದು ಕೇಳಿದನು. ನಾನು ಯೋಚನೆ ಮಾಡದೆ, “ತೆಗೆದುಕೊಳ್ಳು” ಎಂದೆನು. “ಹಾಗೆಂದೇ ಎಲ್ಲ ಕಡೆಯೂ ಬರೆದಿದ್ದೇನೆ. ಆದರೆ ಓದಿದರೆ ಅಜ್ಜಿ ನಗುತ್ತಾರೆ” ಎಂದನು.

ಹುಡುಗನು ಬರೆದಿದ್ದುದೇನೆಂದು ನೋಡಿದೆನು. ‘ಅವನು ಸ್ನಾನವನ್ನು ತೆಗೆದುಕೊಂಡನು.’ ‘ಸಭೆಯು ನಿನ್ನೆ ಸ್ಥಳವನ್ನು ತೆಗೆದುಕೊಂಡಿತು.’ ‘ಈ ಕೆಲಸವು ಎರಡು ದಿನಗಳನ್ನು ತೆಗೆದುಕೊಳ್ಳುತ್ತದೆ.’ ‘ಮಗುವು ತನ್ನ ತಾಯಿಯ ಹಿಂದೆ ತೆಗೆದುಕೊಂಡಿತು.’ ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು: “ಸ್ನಾನವನ್ನು ಎಲ್ಲಿಂದ ತೆಗೆದುಕೊಂಡನಪ್ಪ, ಬಚ್ಚಲಿನಿಂದಲೋ ಅಂಗಡಿಯಿಂದಲೋ?” ಅವರಿಗೆ ಇಂಗ್ಲಿಷು ಬಾರದು, ಆದರೆ ಕನ್ನಡ ಬರುತ್ತದೆ. ಹುಡುಗನ ತಪ್ಪಿಗಿಂತ ನನ್ನ ಉತ್ತರದ ತಪ್ಪೇ ದೊಡ್ಡದೆಂದು ಆಗ ತೋರಿತು. ಈ ಒಂದು ಪದದ ನಾನಾರ್ಥಗಳನ್ನೂ, ಅದರ ಸಮಾನಪದಗಳನ್ನೂ, ಅವಕ್ಕೆ ಕನ್ನಡದಲ್ಲಿ ನಿಲ್ಲುವ ಮಾತುಗಳನ್ನೂ ತಮ್ಮ ಮುಂದೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ. ಇದು ಕೇವಲ ಶಾಲೆಯ ಪಾಠವಲ್ಲ. ಮನುಷ್ಯನ ಆರೋಗ್ಯ, ಮಾನ, ಭೂಮಿ ಇವುಗಳೂ ಕೆಲವು ವೇಳೆ ಈ ಒಂದು ಕ್ರಿಯಾಪದದ ಮೇಲೆ ನಿಲ್ಲುವುದುಂಟು.

ಮೊದಲು ‘ಟೇಕ್’ ಶಬ್ದದ ಪೂರ್ವಚರಿತ್ರೆ. ಇಷ್ಟು ಬಳಕೆಯ ಮಾತು ಇಂಗ್ಲಿಷಿನ ಮೂಲ ಸೊತ್ತಲ್ಲವೆಂದರೆ ಆಶ್ಚರ್ಯವಾಗಬಹುದು. ಹಳೆಯ ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ಇದ್ದ ಧಾತು ‘ನಿಮನ್’. ಇದರ ಒಡಹುಟ್ಟು ‘ನೇಮೆನ್’ ಎಂಬ ರೂಪದಲ್ಲಿ ಇಂದಿಗೂ ಜರ್ಮನ್ ಭಾಷೆಯಲ್ಲಿ ಬಳಕೆಯಲ್ಲಿದೆ. 9ನೆಯ ಶತಮಾನದಿಂದ ಮುಂದೆ ಸ್ಕಾಂಡಿನೇವಿಯದ ಜನರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ದಂಡೆತ್ತಿ ಬಂದು ನೆಲಸಿದರು. ಅವರ ಭಾಷೆಯ ‘ತಾಕ’ ಎಂಬ ಧಾತುವಿಗೆ ಕೈಯಿಂದ ಮುಟ್ಟು, ಹಿಡಿ ಎಂಬ ಅರ್ಥವಿದ್ದಿತು. ಸುಮಾರು 1100ರ ಹೊತ್ತಿಗೆ ಇದು ಇಂಗ್ಲಿಷಿನ ಬರಹದಲ್ಲಿ ತಲೆದೋರಿ, ಕೆಲವು ಶತಮಾನಗಳಲ್ಲಿ ಮನೆಯ ಮಾತಾದ ‘ನಿಮನ್’ ಎಂಬುದನ್ನು ಹೊರಕ್ಕೆ ನೂಕಿ ತಾನೇ ಯಜಮಾನನಾಯಿತು. ಪರಾಜಿತವಾದ ಹಳೆಯ ಧಾತು ಒಂದೆರಡು ಮೂಲೆಗಳಲ್ಲಿ ಮಾತ್ರ ಉಳಿಯಿತು. ಕೈಕಾಲು ಜೋಮು ಹಿಡಿದಾಗ ಇಂಗ್ಲಿಷರು ‘ನಮ್’ ಎನ್ನುತ್ತಾರಷ್ಟೆ. ಅದು ‘ನಿಮನ್’ ಧಾತುವಿನಿಂದ ಬಂದ ಪದ. ‘ಹಿಡಿಯಲ್ಪಟ್ಟದ್ದು’ ಎಂದು ಅದರ ಮೂಲಾರ್ಥ. ನಾವು ‘ಜೋಮು ಹಿಡಿಯಿತು’ ಎನ್ನುವುದಕ್ಕೂ ಅದಕ್ಕೂ ಎಷ್ಟು ಸಾದೃಶ್ಯ ನೋಡಿ! ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಒಂದು ಅನುಭವಕ್ಕೆ ಒಂದೇ ಬಗೆಯ ಮಾತನ್ನು ಕಂಡುಕೊಂಡವು.

ಹೊಸ ಯಜಮಾನನ ಅಧಿಕಾರ ಎಷ್ಟು ಬೆಳೆಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಸ್ಯಾಮ್ಯುಯಲ್ ಜಾನ್ಸನ್ನನು 1755ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ನಿಘಂಟಿನಲ್ಲಿ ‘ಟೇಕ್’ ಪದವೊಂದಕ್ಕೇ 134 ಅರ್ಥಗಳನ್ನು ಕೊಟ್ಟನು. ಅವು ಐದು ಪುಟಗಳನ್ನು ತುಂಬಿದವು. ಕನ್ನಡನಾಡಿನಲ್ಲಿ ಇಂಗ್ಲಿಷ್ ನಿಘಂಟಿನ ಕೆಲಸ ಮಾಡಿದವರೆಲ್ಲರಿಗೂ ಈ ಕಾಡು ಎದುರಾಗಿದೆ. 1824ರಲ್ಲಿ ಮದರಾಸಿನಲ್ಲಿ ಅಚ್ಚಾದ ವಿಲಿಯಂ ರೀವನ ಇಂಗ್ಲಿಷ್-ಕರ್ಣಾಟಕ ನಿಘಂಟಿನಿಂದ ಹಿಡಿದು, ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟಿನವರೆಗೆ, ಇಂಥ ಪದಗಳೇ ವಿದ್ವಾಂಸರ ಸತ್ತ್ವವನ್ನು ಪರೀಕ್ಷಿಸುವ ಒರೆಗಲ್ಲು. ದೊಡ್ಡ ದೊಡ್ಡ ಶಾಸ್ತ್ರೀಯ ಪದಗಳಿಗೆ ಒಂದೊಂದೇ ಅರ್ಥ. ಒಂದು ಸಮಾನಪದವನ್ನು ಹುಡುಕಿ ಕೊಟ್ಟರೆ ತೀರಿತು. ಚಿಕ್ಕ ಕ್ರಿಯಾಪದಗಳಿಗೆ ಹಾಗಲ್ಲ. ಅವು ನೀರಿನಂತೆ, ಎರೆದ ಪಾತ್ರೆಯ ಆಕಾರ ತಾಳುತ್ತವೆ.

ಈ ಆಕಾರವನ್ನು ಕೊಡುವುದು ಯಾವುದು? ಇಂಗ್ಲಿಷಿನಲ್ಲಿ ಎರಡು ಸಾಧನಗಳುಂಟು. ಒಂದು, ಕ್ರಿಯಾಪದದ ಮುಂದಿನ ಕರ್ಮಪದ: ಸ್ನಾನ, ಆಣೆ, ಔಷಧ, ರಜೆ, ಬೇರು, ಬೆಂಕಿ ಯಾವುದು ಮುಂದೆ ಬಂದರೂ ಕ್ರಿಯಾಪದ ಅದೇ, ಅರ್ಥ ಬೇರೆ. ಎರಡು, ಕ್ರಿಯಾಪದದ ಹಿಂದೆ ಅಂಟುವ ‘ಆಫ್’, ‘ಇನ್’, ‘ಅಪ್’, ‘ಓವರ್’ ಮೊದಲಾದ ಪುಟ್ಟ ಮಾತುಗಳು. ‘ಟೇಕ್ ಆಫ್’ ಎಂದರೆ ಬಟ್ಟೆ ಕಳಚುವುದೂ ಆಗುತ್ತದೆ, ವಿಮಾನ ನೆಲ ಬಿಡುವುದೂ ಆಗುತ್ತದೆ. ‘ಟೇಕ್ ಇನ್’ ಎಂದರೆ ಮನೆಯೊಳಗೆ ಸೇರಿಸಿಕೊಳ್ಳುವುದೂ ಹೌದು, ಮೋಸಗೊಳಿಸುವುದೂ ಹೌದು. ‘ಟೇಕ್ ಓವರ್’ ಎಂದರೆ ಅಧಿಕಾರವನ್ನು ವಹಿಸಿಕೊಳ್ಳುವುದು. ‘ಟೇಕ್ ಆಫ್ಟರ್’ ಎಂದರೆ ಹೋಲುವುದು. ಸಂಸ್ಕೃತವನ್ನು ಬಲ್ಲವರಿಗೆ ಇದೇನೂ ಹೊಸತಲ್ಲ. ‘ಗ್ರಹ್’ ಎಂಬ ಒಂದು ಧಾತುವಿನಿಂದಲೇ ಸಂಗ್ರಹ, ಪರಿಗ್ರಹ, ಪ್ರತಿಗ್ರಹ, ಆಗ್ರಹ, ನಿಗ್ರಹ, ಅನುಗ್ರಹ ಎಂಬ ಇಷ್ಟೊಂದು ಪದಗಳು ಹುಟ್ಟಿವೆಯಲ್ಲವೆ? ಅಲ್ಲಿ ಉಪಸರ್ಗವು ಧಾತುವಿನ ಮುಂದೆ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಬೆನ್ನಿಗೆ ಬರುತ್ತದೆ, ಅಷ್ಟೇ ಭೇದ. ‘ಅನುಗ್ರಹ’ವನ್ನೂ ‘ನಿಗ್ರಹ’ವನ್ನೂ ಒಂದೇ ಪದದಿಂದ ಕನ್ನಡಿಸಲು ಯಾರೂ ಹೊರಡುವುದಿಲ್ಲ. ‘ಟೇಕ್’ ಎಂಬುದರ ವಿಷಯದಲ್ಲಿ ಮಾತ್ರ ಆ ಎಚ್ಚರ ನಮಗೆ ತಪ್ಪುತ್ತದೆ.

ಕನ್ನಡದ ಮಾರ್ಗ ಬೇರೆ. ನಮ್ಮ ಭಾಷೆಯು ಸಾಮಾನ್ಯವಾಗಿ ಕೆಲಸವು ಹೇಗೆ ನಡೆಯಿತೆಂಬುದನ್ನು ನೋಡಿ ಕ್ರಿಯಾಪದವನ್ನು ಆರಿಸುತ್ತದೆ. ಔಷಧದ ಉದಾಹರಣೆಯನ್ನೇ ನೋಡೋಣ. ವೈದ್ಯರು ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಟೇಕ್’ ಎಂದರೆ ನಡೆಯುತ್ತದೆ. ಕನ್ನಡದಲ್ಲಿ ಮಾತ್ರೆಯನ್ನು ನುಂಗುತ್ತೇವೆ, ಕಷಾಯವನ್ನು ಕುಡಿಯುತ್ತೇವೆ, ಲೇಹ್ಯವನ್ನು ನೆಕ್ಕುತ್ತೇವೆ, ಚುಚ್ಚುಮದ್ದನ್ನು ಹಾಕಿಸಿಕೊಳ್ಳುತ್ತೇವೆ. ನಾನು ಹೇಳಿದ ಅದೇ ಮನೆಯ ಅಜ್ಜಿಗೆ ಹಿಂದೊಮ್ಮೆ ಜ್ವರ ಬಂದಿದ್ದಾಗ, ಪಟ್ಟಣದಿಂದ ಫೋನು ಮಾಡಿದ ಮೊಮ್ಮಗಳು “ಮಾತ್ರೆ ತೆಗೆದುಕೊಂಡಿರಾ?” ಎಂದು ಮೂರು ದಿನ ಕೇಳಿದಳಂತೆ. ಅಜ್ಜಿ ಮೂರು ದಿನವೂ “ತೆಗೆದುಕೊಂಡೆನಮ್ಮ” ಎಂದರಂತೆ. ನಾಲ್ಕನೆಯ ದಿನ ನೋಡಿದರೆ ಮಾತ್ರೆಗಳೆಲ್ಲ ಗೂಡಿನಲ್ಲಿ ಇಟ್ಟ ಹಾಗೆಯೇ ಇದ್ದುವು. ಅಜ್ಜಿ ಸುಳ್ಳು ಹೇಳಿರಲಿಲ್ಲ. ದುಡ್ಡು ಕೊಟ್ಟು ಅಂಗಡಿಯಿಂದ ತೆಗೆದುಕೊಂಡಿದ್ದರು. “ನುಂಗಿದಿರಾ?” ಎಂದು ಕೇಳಿದ್ದರೆ ಮೂರು ದಿನದ ಜ್ವರ ಉಳಿಯುತ್ತಿತ್ತು. ಈ ಕಥೆಯನ್ನು ಮನೆಯಲ್ಲಿ ನಗುತ್ತ ಹೇಳುತ್ತಾರೆ. ಆದರೆ ಇಂಥ ತಪ್ಪು ಎಲ್ಲ ಮನೆಗಳಲ್ಲಿಯೂ ನಗುವಿನಲ್ಲಿಯೇ ಮುಗಿಯುವುದೆಂದು ಹೇಳಲಾಗದು.

ಇನ್ನು ‘ಟೇಕ್’ ಶಬ್ದಕ್ಕೆ ಸಾಗಿಸುವುದೆಂಬ ಅರ್ಥವೂ ಉಂಟು. ತಾಯಿಯೊಬ್ಬಳು ಲಿಂಗದಹಳ್ಳಿಯಿಂದ ಮಗುವನ್ನು ಕಲ್ಲತ್ತಿಗಿರಿಯ ಜಲಪಾತಕ್ಕೆ ‘ಟೇಕ್’ ಮಾಡಿದಳೆಂದು ಇಂಗ್ಲಿಷಿನಲ್ಲಿದ್ದರೆ, ಕನ್ನಡಿಸುವವನು ಮಗುವಿಗೆ ಎಷ್ಟು ವಯಸ್ಸೆಂದು ಮೊದಲು ಕೇಳಬೇಕು. ಕೂಸಾದರೆ ‘ಎತ್ತಿಕೊಂಡು ಹೋದಳು’. ನಡೆಯುವ ಮಗುವಾದರೆ ‘ಕರೆದುಕೊಂಡು ಹೋದಳು’. ಮಗುವಿಗೆ ಕಾಲು ಸೋತರೆ ‘ಹೊತ್ತುಕೊಂಡು ಹೋದಳು’. ಬುತ್ತಿಯನ್ನು ‘ಕಟ್ಟಿಕೊಂಡು’, ದನಗಳನ್ನು ‘ಹೊಡೆದುಕೊಂಡು’, ಕೊಡೆಯನ್ನು ‘ಹಿಡಿದುಕೊಂಡು’ ಹೋಗುತ್ತೇವೆ. ಅತಿಥಿಗಳನ್ನು ‘ಒಯ್ದೆವು’ ಎಂದರೆ ಅವರನ್ನು ಮೂಟೆಗಳ ಸಾಲಿಗೆ ಸೇರಿಸಿದಂತಾಯಿತು. ಅದೇ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರನ್ನು ಒಂದು ಕಾಲದಲ್ಲಿ ಭದ್ರಾವತಿಯ ಕಾರ್ಖಾನೆಗೆ ‘ಸಾಗಿಸುತ್ತಿದ್ದರು’ ಎಂಬುದೇ ಸರಿಯಾದ ಮಾತು. ಜೀವವಿದ್ದದ್ದು ಯಾವುದು, ಇಲ್ಲದ್ದು ಯಾವುದು, ತಾನಾಗಿ ನಡೆಯುವುದು ಯಾವುದು, ಹೊರಬೇಕಾದದ್ದು ಯಾವುದು ಎಂಬ ವಿವೇಕವನ್ನು ನಮ್ಮ ಕ್ರಿಯಾಪದವೇ ನಮ್ಮಿಂದ ಕೇಳುತ್ತದೆ.

ಮೂರನೆಯ ಗುಂಪಿನಲ್ಲಿ ಮನುಷ್ಯನು ತೆಗೆದುಕೊಳ್ಳುವುದೇ ಇಲ್ಲ. ಬೇರೆ ಯಾವುದೋ ಅವನನ್ನು ಹಿಡಿಯುತ್ತದೆ. ಕೆಲಸಕ್ಕೆ ಎರಡು ದಿನ ‘ಹಿಡಿಯುತ್ತದೆ’. ನೆಗಡಿ ಮನುಷ್ಯನನ್ನು ‘ಹಿಡಿಯುತ್ತದೆ’. ತಪ್ಪಲಿನ ಊರುಗಳಲ್ಲಿ ಬಿಡದೆ ಸುರಿಯುವ ಮಳೆ ಬಂದರೆ ‘ಮಳೆ ಹಿಡಿಯಿತು’ ಎನ್ನುತ್ತಾರೆ. ಹಾಗೆಯೇ ಬೆಂಕಿ ಹೊತ್ತಿಕೊಳ್ಳುತ್ತದೆ, ಗಿಡ ಬೇರೂರುತ್ತದೆ, ಸಭೆ ನಡೆಯುತ್ತದೆ. ‘ಟೇಕ್ ಪ್ಲೇಸ್’ ಎಂಬುದಕ್ಕೆ ಸ್ಥಳವೂ ಬೇಡ, ತೆಗೆದುಕೊಳ್ಳುವುದೂ ಬೇಡ. ಮನಸ್ಸಿನ ವ್ಯಾಪಾರಗಳಿಗೂ ಹೀಗೆಯೇ ಬೇರೆ ಬೇರೆ ದಾರಿಗಳಿವೆ: ಕನಿಕರಪಡುತ್ತೇವೆ, ಶ್ರಮಪಡುತ್ತೇವೆ, ಧೈರ್ಯ ತಂದುಕೊಳ್ಳುತ್ತೇವೆ, ಆಣೆಯಿಡುತ್ತೇವೆ. ನೆಂಟರ ಮನೆಯಿಂದ ಹೊರಡುವಾಗ ಇಂಗ್ಲಿಷರು ‘ಟೇಕ್ ಲೀವ್’ ಎಂದರೆ, ನಾವು ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಅಲ್ಲಿ ತೆಗೆದುಕೊಳ್ಳುವುದೇನೂ ಇಲ್ಲ. ತಿರುಗಿ ಬರುವ ಭರವಸೆಯನ್ನು ಬಿಟ್ಟು ಹೋಗುತ್ತೇವೆ.

ಇಷ್ಟು ನಾನಾರ್ಥದ ಮಾತಾಯಿತು. ಇನ್ನು ಸಮಾನಪದಗಳು. ಇಂಗ್ಲಿಷಿನವರಿಗೂ ಈ ಒಂದು ಪದದಿಂದಲೇ ಎಲ್ಲ ವ್ಯವಹಾರವೂ ಸಾಗುವುದಿಲ್ಲ. ಸೂಕ್ಷ್ಮ ಬೇಕಾದಲ್ಲಿ ಅವರು ‘ರಿಸೀವ್’, ‘ಆಕ್ಸೆಪ್ಟ್’, ‘ಒಬ್ಟೇನ್’, ‘ಸೀಜ್’ ಎಂಬ ಬೇರೆ ಪದಗಳ ಬಳಿಗೆ ಹೋಗುತ್ತಾರೆ. ‘ರಿಸೀವ್’ ಎಂದರೆ ವಸ್ತುವು ಕೈಗೆ ಬಂದು ಸೇರುವುದು. ಇಲ್ಲಿ ತೆಗೆದುಕೊಳ್ಳುವವನ ಮನಸ್ಸಿಗೆ ಕೆಲಸವಿಲ್ಲ. ಇಂಗ್ಲಿಷಿನವನು ಕಾಗದವನ್ನು ‘ರಿಸೀವ್’ ಮಾಡಿದರೆ, ನಮಗೆ ಕಾಗದ ‘ಬರುತ್ತದೆ’. ‘ಆಕ್ಸೆಪ್ಟ್’ ಎಂದರೆ ಬಂದದ್ದಕ್ಕೆ ಮನಸ್ಸು ಒಪ್ಪುವುದು. ಆದ್ದರಿಂದ ಉಡುಗೊರೆಯನ್ನು ‘ರಿಸೀವ್’ ಮಾಡಿಯೂ ‘ಆಕ್ಸೆಪ್ಟ್’ ಮಾಡದೆ ಹಿಂದಕ್ಕೆ ಕಳುಹಿಸಬಹುದು. ಕಾನೂನು ಕೂಡ ಈ ಭೇದವನ್ನು ಎಣಿಸುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 122ನೆಯ ಪ್ರಕರಣದ ಪ್ರಕಾರ, ದಾನಿಯು ಬದುಕಿರುವಾಗಲೇ ದಾನವನ್ನು ಸ್ವೀಕರಿಸದಿದ್ದರೆ ಅದು ದಾನವೇ ಆಗುವುದಿಲ್ಲ. ಕೊಡುವವನ ಕೈ ಒಂದೇ ಸಾಲದು, ಕೊಳ್ಳುವವನ ಮನಸ್ಸೂ ಬೇಕು ಎಂದು ಅದರ ತಾತ್ಪರ್ಯ.

‘ಒಬ್ಟೇನ್’ ಎಂದರೆ ಪ್ರಯತ್ನಪಟ್ಟು ಪಡೆಯುವುದು. ಲಂಚದ ವಿಷಯದಲ್ಲಿ 1988ರ ಭ್ರಷ್ಟಾಚಾರ ತಡೆ ಕಾಯಿದೆಯು ‘ಆಕ್ಸೆಪ್ಟ್’, ‘ಒಬ್ಟೇನ್’ ಎರಡನ್ನೂ ಬಳಸಿದೆ. ಕೊಡುವವನು ತಾನಾಗಿ ಮುಂದೊಡ್ಡಿದ್ದನ್ನು ನೌಕರನು ಕೊಂಡರೆ ಮೊದಲನೆಯದು, ನೌಕರನೇ ಬೇಡಿ ಪಡೆದರೆ ಎರಡನೆಯದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2022ರ ಡಿಸೆಂಬರಿನಲ್ಲಿ ಬಿಡಿಸಿ ಹೇಳಿತು. ಇದಕ್ಕೆ ನಮ್ಮ ಪತ್ರಿಕೆಗಳು ಬಳಸುವ ಮಾತನ್ನು ಗಮನಿಸಿ: ‘ಲಂಚ ಸ್ವೀಕರಿಸುತ್ತಿದ್ದಾಗ ಸಿಕ್ಕಿಬಿದ್ದರು’ ಎಂದು ಬರೆಯುತ್ತಾರೆ. ಆತಿಥ್ಯವನ್ನು ಸ್ವೀಕರಿಸುತ್ತೇವೆ, ಸನ್ಮಾನವನ್ನು ಸ್ವೀಕರಿಸುತ್ತೇವೆ, ಸಂನ್ಯಾಸವನ್ನು ಸ್ವೀಕರಿಸುತ್ತೇವೆ. ಆ ಪಂಕ್ತಿಯಲ್ಲಿ ಲಂಚಕ್ಕೂ ಮಣೆ ಹಾಕಬೇಕೆ? ಹಳ್ಳಿಯವರು ‘ಲಂಚ ತಿಂದ’ ಎನ್ನುತ್ತಾರೆ. ಆ ಒಂದು ಕ್ರಿಯಾಪದದಲ್ಲಿ ಅಪರಾಧವೂ ಇದೆ, ಅದಕ್ಕೆ ಜನರು ಕೊಟ್ಟ ತೀರ್ಪೂ ಇದೆ. ಕೊಡದೆ ಇದ್ದುದನ್ನು ಕೊಳ್ಳುವುದಕ್ಕೆ ಜೈನಶಾಸ್ತ್ರದಲ್ಲಿ ‘ಅದತ್ತಾದಾನ’ವೆಂದು ಹೆಸರು; ಕಳವೆಂದೇ ಅದರ ಅರ್ಥ. ಕೊಳ್ಳುವ ಬಗೆಯನ್ನು ಕುರಿತು ನಮ್ಮ ನಾಡಿನಲ್ಲಿ ಎಷ್ಟು ಹಿಂದಿನಿಂದ ಚಿಂತನೆ ನಡೆದಿದೆಯೆಂಬುದಕ್ಕೆ ಈ ಶಬ್ದವೇ ಸಾಕ್ಷಿ.

ಈಗ ನಮ್ಮ ‘ಕೊಳ್ಳು’ ಧಾತುವಿನ ಕಡೆಗೆ ತಿರುಗೋಣ. 13ನೆಯ ಶತಮಾನದಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಕನ್ನಡದ ಧಾತುಗಳನ್ನು ಬೇರೆಯಾಗಿಯೇ ವಿಚಾರಮಾಡಿದ್ದಾನೆ. ಹಳಗನ್ನಡದ ‘ಕೊಳ್’ ಎಂಬುದು ವಿಶಾಲವಾದ ಅರ್ಥವುಳ್ಳದ್ದು. ತಮಿಳಿನಲ್ಲಿಯೂ ‘ಕೊಳ್’ ಉಂಟು, ತೆಲುಗಿನಲ್ಲಿ ‘ಕೊನು’ ಉಂಟು. ಹಳಗನ್ನಡದಲ್ಲಿ ಕೋಟೆಯನ್ನೂ ಕೊಳ್ಳುತ್ತಿದ್ದರು, ದನಗಳನ್ನೂ ಕೊಳ್ಳುತ್ತಿದ್ದರು. ಅದು ದುಡ್ಡು ಕೊಟ್ಟಲ್ಲ, ಬಲಾತ್ಕಾರದಿಂದ. ವೀರಗಲ್ಲುಗಳಲ್ಲಿ ಕಾಣುವ ‘ತುರುಗೊಳ್’ ಎಂಬುದು ಗೋವುಗಳನ್ನು ಅಪಹರಿಸುವ ದಾಳಿ. ಅದೇ ಧಾತುವಿನಿಂದ ‘ಕೊಳ್ಳೆ’ ಬಂದಿತು. ಕಾಲಕ್ರಮದಲ್ಲಿ ‘ಕೊಳ್ಳು’ ಎಂಬುದು ಬೆಲೆ ಕೊಟ್ಟು ಪಡೆಯುವುದೆಂಬ ಸಾಧು ಅರ್ಥಕ್ಕೆ ಇಳಿಯಿತು. ಒಂದೇ ಬೇರಿನ ಒಂದು ಟೊಂಗೆ ಸಂತೆಗೆ ಹೋಯಿತು, ಇನ್ನೊಂದು ಟೊಂಗೆ ಸುಲಿಗೆಗೆ ಹೋಯಿತು. ಒಂದು ಜನಾಂಗವು ಸುಲಿಗೆಯಿಂದ ಕ್ರಯವನ್ನು ಬೇರ್ಪಡಿಸಿದ ಚರಿತ್ರೆ ಈ ಟೊಂಗೆಗಳಲ್ಲಿ ಅಡಗಿದೆ.

ಸಹಾಯಕ ಕ್ರಿಯೆಯಾಗಿ ‘ಕೊಳ್ಳು’ ಮಾಡುವ ಉಪಕಾರ ಇನ್ನೂ ದೊಡ್ಡದು. ‘ಮಾಡಿಕೊಡು’ ಎಂದರೆ ಪರರಿಗಾಗಿ, ‘ಮಾಡಿಕೊಳ್ಳು’ ಎಂದರೆ ತನಗಾಗಿ. ‘ಹೇಳಿಕೊಡು’ ಎಂದರೆ ಕಲಿಸು, ‘ಹೇಳಿಕೊಳ್ಳು’ ಎಂದರೆ ತನ್ನದನ್ನು ತೋಡಿಕೊ. ಸಂಸ್ಕೃತದ ಪರಸ್ಮೈಪದ ಆತ್ಮನೇಪದಗಳಲ್ಲಿ ಮೂಲತಃ ಇದ್ದ ಭೇದವು ಕನ್ನಡದಲ್ಲಿ ಹಳ್ಳಿಯ ಮಾತಿನಲ್ಲಿಯೂ ಜೀವಂತವಾಗಿದೆ. ‘ತೆಗೆ’ ಎಂಬುದಕ್ಕೆ ಹೊರಕ್ಕೆ ಎಳೆ, ಬಿಚ್ಚು ಎಂದು ಅರ್ಥ: ಬಾಗಿಲು ತೆಗೆ, ಬೆಣ್ಣೆ ತೆಗೆ, ಅಡಿಕೆಯ ಕೊನೆ ತೆಗೆ. ಅದಕ್ಕೆ ‘ಕೊಳ್ಳು’ ಸೇರಿ ‘ತೆಗೆದುಕೊಳ್ಳು’ ಆಯಿತು. ಇದ್ದಲ್ಲಿಂದ ಹೊರತೆಗೆದು ತನ್ನದಾಗಿಸಿಕೊಳ್ಳುವುದೆಂದು ಅದರ ನಿಜವಾದ ಅರ್ಥ. ಆ ಅರ್ಥವಿರುವಲ್ಲಿ ಅದು ಸೊಗಸಾದ ಮಾತು. ಅದನ್ನು ಸ್ನಾನಕ್ಕೂ ಸಭೆಗೂ ಎರಡು ದಿನಕ್ಕೂ ಹಚ್ಚಿದಾಗ ಮಾತ್ರ ಕೆಡುತ್ತದೆ.

ಇಷ್ಟೆಲ್ಲವೂ ಶಬ್ದವಿನೋದವೆಂದು ತಮಗೆ ತೋರಬಹುದು. ವಿನೋದವಲ್ಲದ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೃಷಿಕರ ಮನೆಗಳಲ್ಲಿ ‘ಆ ಗದ್ದೆಯನ್ನು ನಮ್ಮ ತಾತ ತೆಗೆದುಕೊಂಡಿದ್ದರು’ ಎಂಬ ಮಾತನ್ನು ಎಷ್ಟೋ ಸಲ ಕೇಳುತ್ತೇವೆ. ಹೇಗೆ ತೆಗೆದುಕೊಂಡಿದ್ದರು? ಕ್ರಯಕ್ಕೆ ಕೊಂಡರೆ ಭೂಮಿ ಅವರದಾಯಿತು. ಗುತ್ತಿಗೆ ಹಿಡಿದರೆ ಗೊತ್ತಾದ ವಾಯಿದೆಯವರೆಗೆ ಮಾತ್ರ ಅವರದು. ತೋಟದ ಫಸಲನ್ನು ಚೇಣಿಗೆ ಹಿಡಿದರೆ ಅಡಿಕೆ ಅವರದು, ಮರ ಅವರದಲ್ಲ. ಗೇಣಿಗೆ ಮಾಡಿದರೆ ಒಡೆಯನಿಗೆ ವರ್ಷ ವರ್ಷವೂ ಗೇಣಿ ಅಳೆಯಬೇಕು. ಭೋಗ್ಯಕ್ಕೆ ಹಾಕಿಸಿಕೊಂಡರೆ ಸಾಲ ಕೊಟ್ಟು, ಬಡ್ಡಿಗೆ ಬದಲಾಗಿ ಭೂಮಿಯ ಫಲವನ್ನು ಉಣ್ಣುವುದು. ಸಾಲ ತೀರಿದ ದಿನ ಭೂಮಿಯನ್ನು ಬಿಟ್ಟುಕೊಡಬೇಕು. ಪಾಲಿಗೆ ಬಂದದ್ದು ಬೇರೆ, ದಾನವಾಗಿ ಪಡೆದದ್ದು ಬೇರೆ, ಒತ್ತುವರಿ ಮಾಡಿದ್ದು ಬೇರೆ. ಹೊರಗಿನಿಂದ ನೋಡುವವನಿಗೆ ಇವೆಲ್ಲದರಲ್ಲಿಯೂ ಒಬ್ಬನು ನೇಗಿಲು ಹಿಡಿದು ಉಳುತ್ತಿರುವುದೊಂದೇ ಕಾಣುತ್ತದೆ.

1961ರ ಭೂಸುಧಾರಣಾ ಕಾಯಿದೆಗೆ ಮಾಡಿದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿದಾರರ ವಶದಲ್ಲಿದ್ದ ಭೂಮಿಗಳು ಸರ್ಕಾರಕ್ಕೆ ಸೇರಿ, ಉಳುವವರು ಏಳನೆಯ ನಮೂನೆಯ ಅರ್ಜಿಯ ಮೂಲಕ ಭೂನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕನ್ನು ಬೇಡುವ ಅವಕಾಶ ಉಂಟಾಯಿತು. ಆದರೆ ಕಾಯಿದೆಯ 4ನೆಯ ಪ್ರಕರಣವು, ಪರರ ಭೂಮಿಯನ್ನು ಉಳುವವನನ್ನು ಗೇಣಿದಾರನೆಂದು ಭಾವಿಸುವಾಗ, ಸ್ವಾಧೀನದಲ್ಲಿರುವ ಅಡಮಾನದಾರನನ್ನು, ಎಂದರೆ ನಾವು ಭೋಗ್ಯದವನೆನ್ನುವವನನ್ನು, ಹೊರಗಿರಿಸಿತ್ತು. ನಮ್ಮ ಬಂಧುವರ್ಗದಲ್ಲಿ ಒಂದು ಮನೆಯವರು ಎರಡು ತಲೆಮಾರು ಒಂದು ಗದ್ದೆಯನ್ನು ಉತ್ತಿದ್ದರು. ಮನೆಯಲ್ಲಿ ಎಲ್ಲರ ಬಾಯಲ್ಲಿಯೂ ‘ತಾತ ತೆಗೆದುಕೊಂಡ ಗದ್ದೆ’ ಎಂದೇ ಮಾತು. ಅರ್ಜಿ ಹಾಕಿದರು. ವಿಚಾರಣೆಯಲ್ಲಿ, ಗೇಣಿ ಅಳೆದಿದ್ದಿರೋ, ಸಾಲ ಕೊಟ್ಟಿದ್ದಿರೋ ಎಂಬ ಪ್ರಶ್ನೆ ಬಂದಿತು. ಉತ್ತರ ಯಾರಿಗೂ ತಿಳಿಯದು. ಪೆಟ್ಟಿಗೆಯ ತಳದಿಂದ ಹಳೆಯ ಪತ್ರವೊಂದು ಸಿಕ್ಕಿತು. ಅದರಲ್ಲಿ ‘ಭೋಗ್ಯ’ ಎಂಬ ಪದ ಸ್ಪಷ್ಟವಾಗಿತ್ತು. ಸಾಲದ ಹಣ ಹಿಂದಿರುಗಿ ಬಂದಿತು, ಗದ್ದೆ ಕೈಬಿಟ್ಟಿತು. ಅದು ನ್ಯಾಯವಲ್ಲವೆಂದು ಅವರೂ ಹೇಳಲಿಲ್ಲ. ಆ ಮನೆಯ ಹಿರಿಯರು ಅನಂತರ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ತೆಗೆದುಕೊಂಡದ್ದು ನಿಜವಪ್ಪ. ಹೇಗೆ ತೆಗೆದುಕೊಂಡೆವೆಂಬುದು ಮಾತ್ರ ನಮಗೆ ಮರೆತುಹೋಗಿತ್ತು.” ಒಂದು ಮನೆಯ ಮಾತಿನಲ್ಲಿ ಐದಾರು ಕ್ರಿಯಾಪದಗಳ ಜಾಗವನ್ನು ಒಂದೇ ಕ್ರಿಯಾಪದ ಆಕ್ರಮಿಸಿದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಡ.

ಸರ್ಕಾರವು 'ಟೇಕ್' ಮಾಡುವ ಭೂಮಿಯದೂ ಇದೇ ಸಂಗತಿ. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಪರಿಹಾರದ ಐತೀರ್ಪು ಒಂದು ಹೆಜ್ಜೆ, ಭೂಮಿಯನ್ನು ವಶಕ್ಕೆ ತೆಗೆದುಕೊಳ್ಳುವುದು ಇನ್ನೊಂದು ಹೆಜ್ಜೆ. ಎರಡನೆಯದು ನಡೆದ ಮೇಲೆಯೇ ಒಡೆತನ ಸರ್ಕಾರಕ್ಕೆ ಸೇರುತ್ತಿತ್ತು. ನಾವೋ ಒಡೆತನ ಬದಲಾಗುವುದಕ್ಕೂ ‘ಸ್ವಾಧೀನ’ ಎನ್ನುತ್ತೇವೆ, ವಶ ಬದಲಾಗುವುದಕ್ಕೂ ‘ಸ್ವಾಧೀನ’ ಎನ್ನುತ್ತೇವೆ. 2014ರ ಜನವರಿ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಾಗ, ಹಳೆಯ ಎಷ್ಟೋ ವ್ಯವಹಾರಗಳು ಉಳಿಯುವುದೂ ಬೀಳುವುದೂ, ಭೂಮಿಯನ್ನು ನಿಜವಾಗಿ ವಶಕ್ಕೆ ತೆಗೆದುಕೊಂಡಿದ್ದರೆ, ಪರಿಹಾರವನ್ನು ಕೊಟ್ಟಿದ್ದರೆ ಎಂಬ ಪ್ರಶ್ನೆಗಳ ಮೇಲೆ ನಿಂತಿತು. ಪಂಚನಾಮೆ ಬರೆದುದೇ ವಶಕ್ಕೆ ತೆಗೆದುಕೊಂಡಂತೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸುವವರೆಗೆ, ‘ಟೇಕನ್’ ಎಂಬ ಒಂದು ಮಾತಿನ ಸುತ್ತ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಇದೇ ತರೀಕೆರೆ ಸೀಮೆಯ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟಿದಾಗ ಹಳ್ಳಿಗಳೂ ಗದ್ದೆಗಳೂ ನೀರಿನಲ್ಲಿ ಮುಳುಗಿದುವು. ಇಂಥಲ್ಲಿ ಕಾಗದವು ‘ಸ್ವಾಧೀನಪಡಿಸಿಕೊಳ್ಳಲಾಯಿತು’ ಎನ್ನುತ್ತದೆ. ರೈತನು ‘ಹೋಯಿತು’ ಎನ್ನುತ್ತಾನೆ. ಎರಡೂ ಒಂದೇ ಘಟನೆ. ಒಂದು ಕೊಂಡವನ ಕಡೆಯಿಂದ ಹೇಳಿದ್ದು, ಇನ್ನೊಂದು ಕಳೆದುಕೊಂಡವನ ಕಡೆಯಿಂದ ಹೇಳಿದ್ದು. ಭಾಷಾಂತರ ಮಾಡುವವನಿಗೆ ಎರಡೂ ಕೇಳಿಸಬೇಕು.

ಇದರಿಂದ ‘ತೆಗೆದುಕೊಳ್ಳು’ ಎಂಬ ಮಾತನ್ನು ಬಹಿಷ್ಕರಿಸಬೇಕೆಂದಾಗಲಿ, ಇಂಗ್ಲಿಷಿನ ಸಂಪರ್ಕವೇ ಕೇಡೆಂದಾಗಲಿ ನಾನು ಹೇಳುತ್ತಿಲ್ಲ. ಭಾಷೆಗಳು ಕೊಟ್ಟು ಕೊಳ್ಳುತ್ತಲೇ ಬೆಳೆಯುತ್ತವೆ. ‘ಟೇಕ್’ ಎಂಬ ಪದವೇ ಇಂಗ್ಲಿಷಿಗೆ ಪರದೇಶದಿಂದ ಬಂದದ್ದೆಂಬುದನ್ನು ಆಗಲೇ ನೋಡಿದೆವು. ‘ರಜೆ ತೆಗೆದುಕೊಂಡೆ’ ಎಂಬುದು ಈಗ ಕನ್ನಡವೇ ಆಗಿದೆ, ಅದನ್ನು ಕೀಳಬೇಕಾದದ್ದಿಲ್ಲ. ಆದರೆ ‘ನಿಮನ್’ ಪದಕ್ಕೆ ಬಂದ ಗತಿಯನ್ನು ನೆನೆಯಬೇಕು. ಅದನ್ನು ಯಾರೂ ಕೊಲ್ಲಲಿಲ್ಲ. ಬಳಸುವವರು ಒಬ್ಬೊಬ್ಬರಾಗಿ ಕೈಬಿಟ್ಟರು. ನುಂಗು, ಕುಡಿ, ಹೊರು, ಹಿಡಿ, ಪಡೆ, ವಹಿಸಿಕೊ, ಕಿತ್ತುಕೊ, ಕಸಿದುಕೊ ಎಂಬ ನಮ್ಮ ಧಾತುಗಳು ಹಾಗೆ ಕೈಬಿಟ್ಟುಹೋದರೆ, ಕಸಿದುಕೊಂಡವನೂ ಕೊಂಡವನೂ ನಮ್ಮ ಮಾತಿನಲ್ಲಿ ಒಂದೇ ಆಗುತ್ತಾರೆ. ಆಗ ನಷ್ಟವಾಗುವುದು ನಿಘಂಟಿಗೆ ಮಾತ್ರವಲ್ಲ.

ಮರುದಿನ ಬೆಳಿಗ್ಗೆ ಆ ಹುಡುಗನಿಗೆ ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟೆನು. ‘ಟೇಕ್’ ಎದುರಾದಾಗಲೆಲ್ಲ ಕೇಳಿಕೊ: ಏನನ್ನು? ಯಾರಿಂದ? ಯಾವ ಬಗೆಯಿಂದ? ಯಾರಿಗಾಗಿ? ಏನನ್ನು ಎಂಬುದರಿಂದ ಮಾತ್ರೆಯೋ ಮಗುವೋ ಎಂದು ತಿಳಿಯುತ್ತದೆ. ಯಾರಿಂದ ಎಂಬುದರಿಂದ ಕೊಟ್ಟವನಿದ್ದಾನೆಯೋ ಇಲ್ಲವೋ ಎಂದು ತಿಳಿಯುತ್ತದೆ. ಯಾವ ಬಗೆಯಿಂದ ಎಂಬುದರಿಂದ ಬೇಡಿಯೋ, ಬೆಲೆ ಕೊಟ್ಟೋ, ಬಲದಿಂದಲೋ ಎಂದು ತಿಳಿಯುತ್ತದೆ. ಯಾರಿಗಾಗಿ ಎಂಬುದರಿಂದ ‘ಕೊಡು’ ಬರಬೇಕೋ ‘ಕೊಳ್ಳು’ ಬರಬೇಕೋ ಎಂದು ತಿಳಿಯುತ್ತದೆ. ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ಕನ್ನಡದ ಕ್ರಿಯಾಪದವನ್ನು ಹುಡುಕಬೇಕಾಗಿಲ್ಲ. ಅದು ತಾನಾಗಿ ನಾಲಿಗೆಗೆ ಬರುತ್ತದೆ.

ಹುಡುಗನು ಕೂತು ಹತ್ತು ವಾಕ್ಯಗಳನ್ನೂ ಹೊಸದಾಗಿ ಬರೆದನು. ಅವನು ಮಿಂದನು. ಸಭೆ ನಡೆಯಿತು. ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ. ಮಗು ತಾಯಿಯನ್ನು ಹೋಲುತ್ತದೆ. ಗಟ್ಟಿಯಾಗಿ ಓದಿ, ಅಜ್ಜಿ ನಗುತ್ತಾರೆಯೋ ಎಂದು ಒಳಗಿನ ಕಡೆ ಕಿವಿಗೊಟ್ಟನು. ಅಜ್ಜಿ ನಗಲಿಲ್ಲ. “ಇದನ್ನು ಕನ್ನಡಿಸುವುದೇನು ಬಂತು? ನಾವು ದಿನವೂ ಆಡುವ ಮಾತೇ ಅಲ್ಲವೇ?” ಎಂದರು. ಭಾಷಾಂತರಕಾರನಿಗೆ ಇದಕ್ಕಿಂತ ಹೆಚ್ಚಿನ ಪ್ರಶಸ್ತಿ ದೊರೆಯಲಾರದು.